ಹಲಸಿನ ಹಲಗೆಯಲ್ಲಿ ಒತ್ತಕ್ಷರ

ನಮ್ಮ ಮನೆಯ ಹೆಸರು ನೆಲ್ಲಿಯಡ್ಕ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಮನೆ. ಈ ಹೆಸರಿನಲ್ಲಿ ಎರಡು ಒತ್ತು ಇವೆ, ಲ ಒತ್ತು ಮತ್ತು ಕ ಒತ್ತು. ಇವೆರಡನ್ನೂ ಮುರಿಯದ ಹಾಗೆ ಮರದಲ್ಲಿ ಕೊರೆದು ತೆಗೆಯಲು ನನಗೆ ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯಿತು. ಹೇಗೆ ಮಾಡಿದೆ ಎಂದು ಬರೆದಿಟ್ಟರೆ ಇನ್ನೊಬ್ಬರಿಗೆ ಅಷ್ಟು ದಿನ ಬೇಕಾಗಲಿಕ್ಕಿಲ್ಲ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಸ್ಟ್ರಾಗಿದ್ದವನು. ನಿವೃತ್ತಿಯ ಹೊತ್ತಿಗೆ ಗೇಟಿನ ಹತ್ತಿರ ಇದ್ದ ತಗಡಿನ ಬೋರ್ಡು ತುಕ್ಕು ಹಿಡಿದು ಹೋಗಿತ್ತು. ಅದನ್ನು ಬರೆದ ಪೈಂಟರು ಈಗ ಇಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಫ್ಲೆಕ್ಸ್ ಬೋರ್ಡು ಮಾಡಿಸಿದೆ. ಕಂಪ್ಯೂಟರಿನಲ್ಲಿ ಅಕ್ಷರ ಒಡೆದು, ಕ ಒತ್ತು ಡ ಕಾರದ ಕೆಳಗೆ ಕೂರದೆ ಪಕ್ಕಕ್ಕೆ ಹೋಗಿ ಕೂತಿತ್ತು. ಅಡ್ಕ ಎನ್ನುವುದು ಎರಡು ತುಂಡಾಗಿ ಕಾಣುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಒತ್ತಕ್ಷರ ಹೇಳಿಕೊಟ್ಟ ಮನೆಯ ಬಾಗಿಲಲ್ಲಿ ಅದನ್ನು ತೂಗುಹಾಕಲು ಮನಸ್ಸು ಬರಲಿಲ್ಲ. ನಮ್ಮ ಕಡೆ ಜನರನ್ನು ಗುರುತು ಹಿಡಿಯುವುದೇ ಮನೆಯ ಹೆಸರಿನಿಂದ, ಅಲ್ವಾ? ಅಡ್ಕ, ಮೂಲೆ, ಕಜೆ, ಮಜಲು, ಗುತ್ತು, ಬೈಲು. ಈ ಹೆಸರುಗಳು ತಪ್ಪಾಗಬಾರದು.

ಮೊದಲು ಕೈಯಲ್ಲೇ ಶುರು ಮಾಡಿದೆ. ಫ್ರೆಟ್ ಸಾ ಎನ್ನುವ ಸಣ್ಣ ಗರಗಸ ಬರುತ್ತದೆ. ಕುದುರೆ ಲಾಳದ ಆಕಾರದ ಉದ್ದ ಚೌಕಟ್ಟು, ಅದರ ಬಾಯಿಗೆ ದಾರದಂಥ ಬ್ಲೇಡು. ಒಂದು ಪ್ಲೈವುಡ್ ತುಂಡಿನಲ್ಲಿ ‘ರ’ ಕೊರೆಯುವುದಕ್ಕೇ ಇಡೀ ಸಂಜೆ ಹೋಯಿತು, ಭುಜ ನೋಯಿತು. ಆದರೆ ಕೈಗರಗಸ ಒಂದು ವಿಷಯ ಕಲಿಸಿತು. ತಿರುಗಬೇಕಾದದ್ದು ಬ್ಲೇಡಲ್ಲ, ಮರ. ಅದು ಕೈಗೆ ಬಂದ ಮೇಲೆ ಸ್ಕ್ರಾಲ್ ಸಾ ಯಂತ್ರ ತರಿಸಿದೆ.

ನೋಡದವರಿಗೆ ಹೇಳುವುದಾದರೆ, ಅದು ಹೊಲಿಗೆ ಯಂತ್ರದ ಹಾಗೆ. ಸೂಜಿಯ ಜಾಗದಲ್ಲಿ ಐದು ಇಂಚಿನ ಬ್ಲೇಡು ಮೇಲೆ ಕೆಳಗೆ ಓಡುತ್ತದೆ, ನಾವು ಬಟ್ಟೆ ತಿರುಗಿಸಿದ ಹಾಗೆ ಹಲಗೆ ತಿರುಗಿಸಬೇಕು. ನನ್ನದು 16 ಇಂಚಿನದು, ಅಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗೆ ಅಷ್ಟು ಜಾಗ ಇದೆ. ವೇಗ ನಿಮಿಷಕ್ಕೆ 400ರಿಂದ 1600 ಸಲದವರೆಗೆ ಬದಲಿಸಬಹುದು.

ಯಂತ್ರದ ಜೊತೆ ಬಂದ ಬ್ಲೇಡುಗಳ ಎರಡೂ ತುದಿಯಲ್ಲಿ ಅಡ್ಡ ಪಿನ್ ಇತ್ತು. ಹಾಕಲು ಸುಲಭ, ಆದರೆ ಅಕ್ಷರ ಕೊರೆಯಲು ಪ್ರಯೋಜನ ಇಲ್ಲ. ಒಳಗಿನ ತೂತು ಕೊರೆಯಬೇಕಾದರೆ ಮೊದಲು ಡ್ರಿಲ್ ಮಾಡಿ, ಆ ತೂತಿನೊಳಗೆ ಬ್ಲೇಡು ತೂರಿಸಬೇಕು. ಪಿನ್ ತೂರಬೇಕಾದರೆ ಐದಾರು ಮಿಲಿಮೀಟರ್ ತೂತು ಬೇಕು. ಒತ್ತಕ್ಷರದ ಒಳಗಿನ ಜಾಗವೇ ಕೆಲವು ಸಲ ಅಷ್ಟಿರುವುದಿಲ್ಲ. ಪಿನ್ ಇಲ್ಲದ ಬ್ಲೇಡಾದರೆ ಒಂದೂವರೆ ಮಿಲಿಮೀಟರ್ ತೂತು ಸಾಕು. ಅದನ್ನು ಹಿಡಿಯುವ ಅಡಾಪ್ಟರ್ ಬೇರೆ ತರಿಸಿದೆ. ಯಂತ್ರ ಕೊಳ್ಳುವವರು ಇದೊಂದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಬ್ಲೇಡಿಗೆ ನಂಬರ್ ಇರುತ್ತದೆ. ನಂಬರ್ ಜಾಸ್ತಿಯಾದಷ್ಟೂ ದಪ್ಪ. 6 ಮಿಲಿಮೀಟರ್ ಪ್ಲೈವುಡ್ಡಿಗೆ ನಾನು 3 ಹಾಕುತ್ತೇನೆ, 12 ಮಿಲಿಮೀಟರ್ ಹಲಸಿಗೆ 5. ಐದನೇ ನಂಬರಿನ ಬ್ಲೇಡು ಸುಮಾರು ಒಂದು ಮಿಲಿಮೀಟರ್ ಅಗಲ, ಅದರ ಅರ್ಧಕ್ಕಿಂತಲೂ ಕಡಿಮೆ ದಪ್ಪ. ಹಲ್ಲು ಕೆಳಮುಖ ಇರಬೇಕು. ಕೆಳತುದಿಯ ಕೆಲವು ಹಲ್ಲು ಮಾತ್ರ ಮೇಲ್ಮುಖ ಇರುವ ಜಾತಿಯೂ ಸಿಗುತ್ತದೆ, ರಿವರ್ಸ್ ಟೂತ್ ಎನ್ನುತ್ತಾರೆ. ಅದರಲ್ಲಿ ಹಲಗೆಯ ಅಡಿಭಾಗ ಕಿತ್ತು ಬರುವುದಿಲ್ಲ. ಬ್ಲೇಡು ಬಿಗಿ ಮಾಡಿ ಬೆರಳಿನಿಂದ ಮೀಟಿದರೆ ತಂತಿಯ ಹಾಗೆ ಟಿಣ್ ಅನ್ನಬೇಕು. ಮಂದ ಶಬ್ದ ಬಂದರೆ ಸಡಿಲ ಇದೆ ಎಂದು ಅರ್ಥ, ಇನ್ನೂ ಬಿಗಿ ಮಾಡಬೇಕು.

ಮೊದಲ ತಿಂಗಳು ನನ್ನನ್ನು ಜಾಸ್ತಿ ಕಾಡಿದ್ದು ಬ್ಲೇಡು ಬಲಕ್ಕೆ ಎಳೆಯುವುದು. ಗೆರೆಯ ಮೇಲೆ ನೇರ ತಳ್ಳಿದರೂ ಅದು ಗೆರೆ ಬಿಟ್ಟು ಹೋಗುತ್ತಿತ್ತು. ಕೈ ನಡುಗುತ್ತಿದೆ ಎಂದುಕೊಂಡಿದ್ದೆ. ಕಾರಣ ಬೇರೆ. ಬ್ಲೇಡು ತಯಾರಿಸುವಾಗ ಹಲ್ಲಿನ ಒಂದು ಬದಿಯಲ್ಲಿ ಚೂರು ಅಂಚು ಉಳಿಯುತ್ತದೆ, ಆ ಬದಿ ಹೆಚ್ಚು ಹರಿತ. ಹಾಗಾಗಿ ಅದು ಆ ಕಡೆಗೇ ಕೊರೆಯುತ್ತದೆ. ಹಲಗೆಯನ್ನು ಒಂದಿಷ್ಟು ಓರೆ ಹಿಡಿದು ತಳ್ಳಿದರೆ ಗೆರೆ ಸರಿಯಾಗಿ ಬರುತ್ತದೆ. ಎಷ್ಟು ಓರೆ ಎನ್ನುವುದನ್ನು ಕೈಯೇ ಕಲಿಯುತ್ತದೆ.

ಅಭ್ಯಾಸಕ್ಕೆ ಕರ್ನಾಟಕದ ಒಂದನೇ ತರಗತಿಯ ಕ್ರಮವನ್ನೇ ಹಿಡಿದೆ: ರ, ಗ, ಸ, ದ, ಅ. ‘ಗ’ದಲ್ಲಿ ಒಳತೂತು ಇಲ್ಲ, ಒಂದು ಕಮಾನು, ಮೇಲೆ ತಲೆಕಟ್ಟು. ‘ರ’ದಲ್ಲಿ ಒಂದು ತೂತು. ಮಕ್ಕಳ ಕೈ ತಿದ್ದಿಸುವಾಗ ಯಾವ ತಿರುವಿನಲ್ಲಿ ಅವರು ನಿಲ್ಲುತ್ತಿದ್ದರೋ ಅಲ್ಲೇ ನನ್ನ ಗರಗಸವೂ ನಿಲ್ಲುತ್ತಿತ್ತು. ತಲೆಕಟ್ಟಿನ ತುದಿಯಲ್ಲಿ ಚೂಪಾದ ತಿರುವು ಬಂದಾಗ ತಳ್ಳುವುದು ನಿಲ್ಲಿಸಿ, ಬ್ಲೇಡು ಓಡುತ್ತಿರುವಾಗಲೇ ಹಲಗೆಯನ್ನು ನಿಂತಲ್ಲೇ ತಿರುಗಿಸಬೇಕು. ಒತ್ತಿದರೆ ಬ್ಲೇಡು ತುಂಡು.

ಕನ್ನಡ ಅಕ್ಷರ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಉದ್ದ ನೇರ ಗೆರೆ ಕೊರೆಯುವುದು ಸ್ಕ್ರಾಲ್ ಸಾದಲ್ಲಿ ಬಹಳ ಕಷ್ಟ, ಎಲ್ಲಿ ಚೂರು ವಾಲಿದರೂ ಕಣ್ಣಿಗೆ ಬೀಳುತ್ತದೆ. ನಮ್ಮ ಅಕ್ಷರಗಳಲ್ಲಿ ನೇರ ಗೆರೆಯೇ ಕಡಿಮೆ. ಓಲೆಗರಿಯಲ್ಲಿ ಕಂಟದಿಂದ, ಅಂದರೆ ಬರೆಯುವ ಲೋಹದ ಕಡ್ಡಿಯಿಂದ, ನೇರ ಗೀಚಿದರೆ ಗರಿ ಸೀಳುತ್ತದೆ, ಅದಕ್ಕೇ ಅಕ್ಷರ ದುಂಡಗಾಯಿತು ಎಂದು ಹಿರಿಯರು ಹೇಳುವುದುಂಟು. ಮರದಲ್ಲೂ ಹಾಗೆಯೇ ಎಂದು ನನಗೆ ಗೊತ್ತಾದದ್ದು ‘ಗ’ದ ಕಾಲು ಮುರಿದ ದಿನ.

ಅದು ಹಳೆಯ ಮನೆಯ ಹಲಸಿನ ಬಾಗಿಲಿನ ಹಲಗೆ. ಮನೆ ಬಿಚ್ಚುವಾಗ ತೆಗೆದಿಟ್ಟದ್ದು, ಚೆನ್ನಾಗಿ ಒಣಗಿದ್ದು, ಜೇನಿನ ಬಣ್ಣಕ್ಕೆ ತಿರುಗಿತ್ತು. ಕೊರೆದು ಮುಗಿಸಿ ಕೈಗೆತ್ತಿಕೊಂಡೆ, ಒಂದು ಕಾಲು ಟಪ್ಪೆಂದು ಬಿತ್ತು. ನಮ್ಮ ಊರಿನ ಬಡಗಿ ಆಚಾರ್ರಿಗೆ ತೋರಿಸಿದೆ. ಅವರು ತುಂಡನ್ನು ಬೆಳಕಿಗೆ ಹಿಡಿದರು.

“ಎಂತ ಮಾಸ್ಟ್ರೇ, ಎಳೆ ನೋಡದೆ ಕೊರೆದದ್ದಾ?” ಎಂದರು. “ಮರದ ಎಳೆ ಅಡ್ಡ ಉಂಟು, ಅಕ್ಷರದ ಕಾಲು ಉದ್ದ ಉಂಟು. ಅದು ನಿಲ್ಲುವುದು ಹೇಗೆ?”

“ಹೆಸರು ಅಡ್ಡಕ್ಕೇ ಬರೆಯಬೇಕಲ್ವಾ ಆಚಾರ್ರೇ?”

“ಹಾಗಾದ್ರೆ ಕಾಲು ದಪ್ಪ ಮಾಡಿ. ಹಲಗೆ ಎಷ್ಟು ದಪ್ಪ ಉಂಟೋ ಕಾಲು ಅದಕ್ಕಿಂತ ಸಣ್ಣ ಆಗ್ಬಾರ್ದು.”

ಅಂದಿನಿಂದ ಈ ಮಾತು ನನ್ನ ಅಳತೆ. 12 ಮಿಲಿಮೀಟರ್ ಹಲಗೆಯಾದರೆ ಅಕ್ಷರದ ಯಾವ ಗೆರೆಯೂ 12 ಮಿಲಿಮೀಟರಿಗಿಂತ ಸಪೂರ ಇರಬಾರದು. ಆದ್ದರಿಂದ ಸಪೂರ ಫಾಂಟುಗಳನ್ನು ಬಿಟ್ಟೆ. ಬಾಲೂ ತಮ್ಮ ಎನ್ನುವ ಉಚಿತ ಕನ್ನಡ ಫಾಂಟ್ ಇದೆ, ದಪ್ಪ, ಮೂಲೆಗಳೆಲ್ಲ ದುಂಡಗೆ. ಅದನ್ನು ದೊಡ್ಡದು ಮಾಡಿ ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಜೋಡಿಸುತ್ತೇನೆ. ಆಮೇಲೆ ಪೆನ್ಸಿಲಿನಿಂದ ತಿದ್ದುತ್ತೇನೆ. ತಿದ್ದುವುದರಲ್ಲೇ ಅರ್ಧ ಕೆಲಸ ಇರುವುದು.

ಯಾಕೆಂದರೆ ಕಾಗದದ ಮೇಲೆ ಬಿಡಿಬಿಡಿಯಾಗಿ ನಿಲ್ಲುವುದೆಲ್ಲ ಮರದಲ್ಲಿ ನಿಲ್ಲುವುದಿಲ್ಲ. ಹಿಂದಿ ಅಕ್ಷರಗಳಾದರೆ ಮೇಲಿನ ಗೆರೆಗೆ ಎಲ್ಲವೂ ನೇತಾಡುತ್ತವೆ, ಇಡೀ ಹೆಸರು ಒಂದೇ ತುಂಡಾಗಿ ಬರುತ್ತದೆ. ನಮ್ಮಲ್ಲಿ ಆ ಗೆರೆ ಇಲ್ಲ. ನಾನು ಮೊದಲು ಅಕ್ಷರಗಳ ಬುಡಕ್ಕೆ ಒಂದು ಪಟ್ಟಿ ಬಿಟ್ಟು ಕೊರೆದು ನೋಡಿದೆ. ಒತ್ತುಗಳು ಬುಡಕ್ಕಿಂತ ಕೆಳಗೆ ಇರುತ್ತವಲ್ಲ, ಪಟ್ಟಿ ಅವುಗಳ ತಲೆಯ ಮೇಲೇ ಹಾದುಹೋಯಿತು. ಓದಲು ಆಗಲಿಲ್ಲ. ಈಗ ಪಕ್ಕಪಕ್ಕದ ಅಕ್ಷರಗಳನ್ನು ಎರಡು ಮೂರು ಮಿಲಿಮೀಟರ್ ಒಂದರೊಳಗೊಂದು ಸೇರಿಸುತ್ತೇನೆ, ಹೊಟ್ಟೆಗೆ ಹೊಟ್ಟೆ ತಾಗುವ ಹಾಗೆ. ಒತ್ತಿಗೆ ಮೇಲಿನ ಅಕ್ಷರದಿಂದ ಒಂದು ಗಿಡ್ಡ ಕತ್ತು ಬಿಡುತ್ತೇನೆ. ಈ ಕತ್ತು ಅಡ್ಡ ಎಳೆಯ ಮೇಲೆ ಬರುವುದರಿಂದ ಅದೇ ಎಲ್ಲಕ್ಕಿಂತ ದುರ್ಬಲ ಜಾಗ. ಅಲ್ಲಿ ಹಿಂಬದಿಯಿಂದ ಉದ್ದ ಎಳೆಯ ಒಂದು ತೆಳು ಚೂರನ್ನು ಅಂಟಿಸಿಬಿಡುತ್ತೇನೆ. ಮುಂದಿನಿಂದ ಕಾಣುವುದಿಲ್ಲ.

ಹಲಗೆಯನ್ನೇ ಉಳಿಸಿಕೊಂಡು ಅಕ್ಷರದ ಜಾಗವನ್ನು ಖಾಲಿ ಮಾಡುವ ಕ್ರಮವೂ ಇದೆ, ಕಿಟಕಿ ಜಾಲಂಧ್ರದ ಹಾಗೆ. ಅದರಲ್ಲಿ ‘ರ’ದ ಹೊಟ್ಟೆ ಉದುರಿ ಬೀಳುತ್ತದೆ. ಸೊನ್ನೆಯ ಒಳಗಿನ ಬಿಲ್ಲೆಯೂ ಬೀಳುತ್ತದೆ. ಎರಡು ಕಡೆ ಸಣ್ಣ ಸೇತುವೆ ಬಿಡಬೇಕು. ಆ ಸೇತುವೆಯನ್ನು ತಪ್ಪು ಜಾಗದಲ್ಲಿ ಬಿಟ್ಟರೆ ಅಕ್ಷರ ಬೇರೆಯದಾಗಿ ಕಾಣುತ್ತದೆ. ಕೆಳಗಿನಿಂದ ಬಿಟ್ಟರೆ ಮಹಾಪ್ರಾಣದ ಸೀಳು ಎಂದು ಕಣ್ಣು ಓದುತ್ತದೆ. ಅದಕ್ಕೇ ನಾನು ಸೇತುವೆಯನ್ನು ಎಡಬಲದಲ್ಲೇ ಬಿಡುವುದು.

ಕೊರೆಯುವ ಕ್ರಮ ಬರೆಯುವ ಕ್ರಮಕ್ಕೆ ಪೂರ್ತಿ ತಿರುಗಾಮುರುಗ. ಬರೆಯುವಾಗ ಮೊದಲು ಅಕ್ಷರದ ಮೈ, ಆಮೇಲೆ ಕೊಂಬು, ದೀರ್ಘ, ಕೊನೆಗೆ ಒತ್ತು. ಕೊರೆಯುವಾಗ ಮೊದಲು ಒತ್ತಿನ ಒಳತೂತು, ಆಮೇಲೆ ಅಕ್ಷರದ ಒಳತೂತು, ಹೊರಗಿನ ಗೆರೆ ಎಲ್ಲಕ್ಕಿಂತ ಕೊನೆಗೆ. ಹೊರಗೆ ಮೊದಲು ಕೊರೆದರೆ ಹಿಡಿದುಕೊಳ್ಳಲು ಹಲಗೆಯೇ ಉಳಿಯುವುದಿಲ್ಲ.

ಕಾಗದವನ್ನು ನೇರ ಮರಕ್ಕೆ ಅಂಟಿಸಬೇಡಿ, ಬಿಡಿಸುವಾಗ ಸಾಕಾಗಿಹೋಗುತ್ತದೆ. ಮೊದಲು ಮರಕ್ಕೆ ಮಾಸ್ಕಿಂಗ್ ಟೇಪ್, ಅದರ ಮೇಲೆ ಅಂಟು ಹಚ್ಚಿದ ಕಾಗದ, ಎಲ್ಲಕ್ಕಿಂತ ಮೇಲೆ ಪಾರ್ಸೆಲಿಗೆ ಹಾಕುವ ಪಾರದರ್ಶಕ ಟೇಪ್. ಮೇಲಿನ ಟೇಪು ಬ್ಲೇಡಿಗೆ ಜಾರಿಕೆ ಕೊಡುತ್ತದೆ, ಮರದ ಅಂಚು ಸುಟ್ಟು ಕಪ್ಪಾಗುವುದಿಲ್ಲ. ಅಷ್ಟಾದರೂ ಸುಟ್ಟ ವಾಸನೆ ಬಂತು ಅಂದರೆ ಬ್ಲೇಡಿನ ಹರಿತ ಹೋಗಿದೆ. ಗಟ್ಟಿಮರದಲ್ಲಿ ಒಂದು ಬ್ಲೇಡು ಅರ್ಧ ಗಂಟೆ ಬಂದರೆ ಹೆಚ್ಚು. ಉಳಿಸಲು ಹೋಗಬೇಡಿ.

ಹಲಸಿನ ಹುಡಿ ಅರಸಿನದಷ್ಟು ಹಳದಿ. ಬರ್ಮಾದ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಹಲಸಿನ ತಿರುಳನ್ನು ಬಳಸುತ್ತಿದ್ದರು. ನನ್ನ ಪಂಚೆಗಳ ಬಣ್ಣ ನೋಡಿದರೆ ನಂಬಬಹುದು. ಆ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಮತ್ತು ಕನ್ನಡಕ ಇಲ್ಲದೆ ನಾನು ಯಂತ್ರ ಚಾಲೂ ಮಾಡುವುದಿಲ್ಲ. ಹಲಸು ಸಿಗದಿದ್ದರೆ ಹೆಬ್ಬಲಸು ನೋಡಿ. ಮಲಯಾಳಂನಲ್ಲಿ ಆಂಜಿಲಿ ಅಥವಾ ಐನಿ ಎನ್ನುತ್ತಾರೆ. ದೋಣಿ ಕಟ್ಟುವ ಮರ, ನೀರಿಗೆ ಹೆದರುವುದಿಲ್ಲ.

ನೀರಿನ ಮಾತು ನಮ್ಮಲ್ಲಿ ಸಣ್ಣದಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಮೊದಲ ಬೋರ್ಡನ್ನು ಸಾಧಾರಣ ಪ್ಲೈವುಡ್ಡಿನಲ್ಲಿ ಮಾಡಿ ಮೇ ತಿಂಗಳಲ್ಲಿ ತೂಗುಹಾಕಿದ್ದೆ. ಆಟಿ, ಅಂದರೆ ಜೋರು ಮಳೆಯ ತುಳು ತಿಂಗಳು, ಕಳೆಯುವಷ್ಟರಲ್ಲಿ ಅದು ಹಳೆ ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಪ್ಲೈವುಡ್ಡೇ ಬೇಕೆಂದರೆ ಐಎಸ್ 710 ಎಂಬ ಗುರುತು ಇರುವ ಮೆರೈನ್ ಪ್ಲೈ ಕೇಳಿ. ಐಎಸ್ 303 ಗುರುತಿನದು ಮನೆಯೊಳಗೆ ಸಾಕು.

ಹಲಸಿನ ಬೋರ್ಡಿಗೆ ಮುಂಭಾಗ 120, 180, 220 ನಂಬರಿನ ಉಪ್ಪುಕಾಗದ ಕ್ರಮವಾಗಿ ಉಜ್ಜಿ, ಹೊರಾಂಗಣದ ವಾರ್ನಿಷ್ ಮೂರು ಸಲ ಹಚ್ಚುತ್ತೇನೆ. ಕೊರೆದ ಅಂಚುಗಳು ಜಾಸ್ತಿ ವಾರ್ನಿಷ್ ಕುಡಿಯುತ್ತವೆ, ಅಲ್ಲಿ ಇನ್ನೊಂದು ಸಲ. ಹಿಂಭಾಗಕ್ಕೆ ಆಚಾರ್ರು ಹೇಳಿದ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಗೆದ್ದಲು ಹತ್ತಿರ ಬರುವುದಿಲ್ಲ. ಆದರೆ ಅದು ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಬೋರ್ಡನ್ನು ಕೆಂಪುಕಲ್ಲಿನ ಕಂಬಕ್ಕೆ ಒತ್ತಿ ಕೂರಿಸದೆ ಅರ್ಧ ಇಂಚು ಬಿಟ್ಟು ಕೂರಿಸಿದ್ದೇನೆ, ಹಿಂದೆ ಗಾಳಿ ಆಡಬೇಕು. ಯಂತ್ರದ ಕಬ್ಬಿಣದ ಮೇಜಿಗೂ ಮಳೆಗಾಲದಲ್ಲಿ ತುಕ್ಕು ಬರುತ್ತದೆ. ಮೇಣದ ಬತ್ತಿ ಉಜ್ಜಿ ಬಟ್ಟೆಯಲ್ಲಿ ಒರೆಸಿದರೆ ತುಕ್ಕು ನಿಲ್ಲುತ್ತದೆ, ಹಲಗೆಯೂ ಜಾರುತ್ತದೆ.

ನೆಲ್ಲಿಯಡ್ಕದ ಬೋರ್ಡು ಈಗ ಎರಡು ಮಳೆಗಾಲ ಕಂಡಿದೆ. ಎರಡೂ ಒತ್ತು ಗಟ್ಟಿಯಾಗಿವೆ. ಕನ್ನಡದ ಕೆಳಗೆ ಸಣ್ಣದಾಗಿ ಮಲಯಾಳಂನಲ್ಲೂ ಹೆಸರು ಕೊರೆದಿದ್ದೇನೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ಪಾರ್ಸೆಲ್ ತರುವ ಹುಡುಗರಿಗೆ ಮಲಯಾಳಂ ಬರುತ್ತದೆ, ಕನ್ನಡ ಬರುವುದಿಲ್ಲ. ಆ ಲಿಪಿ ನಮ್ಮದಕ್ಕಿಂತಲೂ ದುಂಡು. ಅವರ ‘ಠ’ ಅಂದರೆ ಬರೀ ಒಂದು ಸೊನ್ನೆ, ನಮ್ಮದರ ಹಾಗೆ ಒಳಗೆ ಚುಕ್ಕೆ ಇಲ್ಲ. ಪ್ರೀತಿಯಿಂದಲೇ ಕೊರೆದೆ. ಆದರೆ ಮೇಲೆ ದೊಡ್ಡದಾಗಿ ಇರಬೇಕಾದದ್ದು ಕನ್ನಡ, ಆ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಮಧೂರು ದೇವಸ್ಥಾನದ ಮರದ ಕೆತ್ತನೆ ನೋಡಿದವರು ಇದನ್ನು ಕೆತ್ತನೆ ಎನ್ನಲಾರರು. ಅದು ಉಳಿಯ ಕೆಲಸ, ಮರದೊಳಗೆ ಆಳ ಹುಡುಕುವ ಕೆಲಸ. ಸ್ಕ್ರಾಲ್ ಸಾ ಹಲಗೆಯನ್ನು ಈಚೆಯಿಂದ ಆಚೆಗೆ ಕೊರೆಯುತ್ತದೆ, ಅಷ್ಟೇ. ಅಕ್ಷರಕ್ಕೆ ಅಷ್ಟು ಸಾಕು.

ಇಲ್ಲಿಯವರೆಗೆ ನೆಂಟರ ಮನೆಗಳಿಗೂ ಹಳೆಯ ವಿದ್ಯಾರ್ಥಿಗಳ ಮನೆಗಳಿಗೂ ಹದಿನಾಲ್ಕು ಹೆಸರು ಕೊರೆದುಕೊಟ್ಟಿದ್ದೇನೆ. ಈಗ ಮೇಜಿನ ಮೇಲೆ ಇರುವುದು ನಾನು ಪಾಠ ಮಾಡಿದ ಶಾಲೆಗೆ ಬೇಕಾದ ಬೋರ್ಡು: ಗ್ರಂಥಾಲಯ. ‘ಗ್ರಂ’ದಲ್ಲಿ ರ ಒತ್ತು ಕೆಳಗೆ, ಸೊನ್ನೆ ಪಕ್ಕಕ್ಕೆ. ‘ಥಾ’ದಲ್ಲಿ ಹೊಟ್ಟೆಯೊಳಗೆ ಚುಕ್ಕೆ, ಬುಡದಲ್ಲಿ ಸೀಳು. ಸೊನ್ನೆಯನ್ನು ‘ಥಾ’ದ ಹೊಟ್ಟೆಗೆ ಆನಿಸಿ ಬರೆದಿದ್ದೇನೆ, ಅದು ನಿಲ್ಲುತ್ತದೆ. ಚುಕ್ಕೆಗೆ ಮಾತ್ರ ಯಾವ ಕಡೆಯಿಂದಲೂ ಆಸರೆ ಇಲ್ಲ. ಅದನ್ನು ಬೇರೆಯೇ ಕೊರೆದು, ಹಿಂದೆ ತೇಗದ ಹಲಗೆ ಕೊಟ್ಟು ಅದರ ಮೇಲೆ ಅಂಟಿಸಬೇಕು. ಹಲಸಿನ ಚೂರುಗಳಲ್ಲಿ ಅದಕ್ಕೆ ಹೊಂದುವ ಎಳೆಯ ತುಂಡನ್ನು ಆರಿಸಿಟ್ಟಿದ್ದೇನೆ. ನಾಳೆ ಬೆಳಿಗ್ಗೆ, ಕರೆಂಟು ಇದ್ದರೆ, ಚುಕ್ಕೆಯಿಂದಲೇ ಶುರು.