ಕೊಡಸಿಗವೋ, ಬೆಪ್ಪಾಲೆಯೋ: ಬೇಸಿಗೆಯ ಬಿಳಿ ಹೂಗಳೊಂದಿಗೆ ನನ್ನ ಅನುಭವ

ನಮ್ಮ ಅರೆಮಲೆನಾಡಿನ ಕುರುಚಲು ಕಾಡುಗಳಲ್ಲಿ ಏಪ್ರಿಲ್‌ನಿಂದ ಮುಂಗಾರು ಹಿಡಿಯುವವರೆಗೆ ಹೂ ಬಿಡುವ ಗಿಡಮರಗಳ ಪೈಕಿ ನಾನು ಅತಿ ಹೆಚ್ಚು ಗಮನವಿಟ್ಟು ನೋಡಿರುವುದು ಕೊಡಸಿಗ ಮತ್ತು ಬೆಪ್ಪಾಲೆಗಳನ್ನು. ಕಕ್ಕೆಯ ಹಳದಿ ಗೊಂಚಲನ್ನಾಗಲಿ ಗುಲ್‌ಮೊಹರಿನ ಕೆಂಪನ್ನಾಗಲಿ ಗುರುತಿಸಲು ಯಾರ ನೆರವೂ ಬೇಕಿಲ್ಲ. ಈ ಎರಡರ ವಿಷಯ ಹಾಗಲ್ಲ. ಎರಡೂ ಕಣಗಿಲೆಯ ಕುಟುಂಬಕ್ಕೆ ಸೇರಿದ ಸಣ್ಣ ಮರಗಳು. ಎರಡರ ಎಲೆಗಳೂ ಎದುರುಬದುರಾಗಿ ಮೂಡುತ್ತವೆ, ಚಿವುಟಿದರೆ ಹಾಲು ಒಸರುತ್ತದೆ, ಐದು ಎಸಳಿನ ಬಿಳಿ ಹೂಗಳು ಘಮ್ಮೆನ್ನುತ್ತವೆ.

ವ್ಯತ್ಯಾಸವಿರುವುದು ಹೂವಿನ ಗಂಟಲಿನಲ್ಲಿ. ಉದುರಿದ ಹೂವೊಂದನ್ನು ಅಂಗೈಯಲ್ಲಿಟ್ಟು ಭೂತಗನ್ನಡಿಯಿಂದ ನೋಡಿದರೆ, ಬೆಪ್ಪಾಲೆಯ ಎಸಳುಗಳ ಬುಡದಲ್ಲಿ ಬಿಳಿ ನೂಲಿನ ಕುಚ್ಚಿನಂತಹ ಎಳೆಗಳೂ ಅವುಗಳ ನಡುವೆ ಮೊನೆಯಾಗಿ ಮುಂಚಾಚಿದ ಪರಾಗಕೋಶಗಳೂ ಕಾಣುತ್ತವೆ. ಕೊಡಸಿಗದಲ್ಲಿ ಕುಚ್ಚು ಇರುವುದಿಲ್ಲ, ಕೇಸರಗಳು ಕೊಳವೆಯೊಳಗೇ ಅಡಗಿರುತ್ತವೆ. ಕಾಯಿಗಳು ಎರಡರಲ್ಲೂ ಉದ್ದನೆಯ ಜೋಡಿಗಳೇ ಆದರೂ, ಬೆಪ್ಪಾಲೆಯ ಎಳೆಯ ಜೋಡಿಯ ತುದಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೊಡಸಿಗದವು ಬಿಡಿಬಿಡಿಯಾಗಿ ಜೋತಾಡುತ್ತವೆ. ಆದ್ದರಿಂದ ಗೆಳೆಯರಿಗೆ ಚಿತ್ರ ಕಳುಹಿಸುವಾಗ ಹೂವಿನ ಜೊತೆಗೆ ಅದರ ಗಂಟಲು, ಎಲೆ, ತೊಗಟೆ, ಸಿಕ್ಕರೆ ಕಾಯಿ, ಇವೆಲ್ಲವನ್ನೂ ತೆಗೆಯುತ್ತೇನೆ. ದೂರದಿಂದ ತೆಗೆದ ಒಂದೇ ಚಿತ್ರವನ್ನು ನೋಡಿ ಹೆಸರು ಹೇಳುವುದು ನನ್ನ ಮಟ್ಟಿಗೆ ಊಹೆಯಷ್ಟೇ.

ಊರಿನವರು ಹೇಳಿದ ಹೆಸರನ್ನೂ ಬಳಕೆಯನ್ನೂ ಚಿತ್ರದೊಂದಿಗೆ ತಪ್ಪದೆ ಬರೆಯುತ್ತೇನೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಅಥವಾ ಹಾಲೆ ಮರ ಇದೇ ಬೆಪ್ಪಾಲೆ. ಕೊಡಸಿಗದ ಹೂವನ್ನು ಒಣಗಿಸಿಟ್ಟು ಮಲೆನಾಡಿನ ಮನೆಗಳಲ್ಲಿ ತಂಬುಳಿ ಮಾಡುತ್ತಾರೆ. ಆದರೆ ಕರಾವಳಿಯ ಕಡೆ ಹಾಲೆ ಎಂದರೆ ಬೇರೊಂದು ದೊಡ್ಡ ಮರವೂ ಆಗಬಹುದಾದ ಕಾರಣ, ಬೆಪ್ಪಾಲೆಗೆ ರೈಟಿಯಾ ಟಿಂಕ್ಟೋರಿಯಾ, ಕೊಡಸಿಗಕ್ಕೆ ಹೊಲರ್ಹಿನಾ ಪ್ಯುಬೆಸೆನ್ಸ್ ಎಂದು ಸಸ್ಯಶಾಸ್ತ್ರೀಯ ಹೆಸರನ್ನೂ ಸೇರಿಸುತ್ತೇನೆ.

ಸೀತಾಳೆ ದಂಡೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮೇ, ಜೂನ್ ತಿಂಗಳಲ್ಲಿ ಮರದ ಕೊಂಬೆಯಿಂದ ನೇರಳೆ ಚುಕ್ಕಿಯ ದಂಡೆಯಾಗಿ ಇಳಿಬೀಳುವ ಈ ಆರ್ಕಿಡ್ ಇರುವ ಜಾಗ ತಿಳಿದರೆ ಬೇರುಸಹಿತ ಕಿತ್ತೊಯ್ಯುವವರು ಇದ್ದಾರೆ. ಅದರ ಚಿತ್ರದಿಂದ ಸ್ಥಳದ ಮಾಹಿತಿಯನ್ನು ಅಳಿಸಿ, ತಾಲ್ಲೂಕಿನ ಹೆಸರನ್ನೂ ಅದು ಹಬ್ಬಿರುವ ಮರದ ಜಾತಿಯನ್ನೂ ಮಾತ್ರ ತಿಳಿಸುತ್ತೇನೆ.