ಒಲೆಯ ಹೊಗೆ ಕೋಣೆಗೆ ಬರುತ್ತಿದ್ದದ್ದು ನಿಂತಿದ್ದು ಹೀಗೆ

ಸೌದೆ ಒಲೆ ಹಚ್ಚಿದರೆ ಹೊಗೆ ಮೇಲೆ ಹೋಗುವ ಬದಲು ಕೋಣೆಗೇ ನುಗ್ಗುತ್ತಿತ್ತು. ಮೊದಲು ಕಿಟಕಿ ತೆರೆದು ನೋಡಿದೆ. ಗಾಳಿ ಸಾಲದೆ ಹೀಗಾಗಿದ್ದರೆ ಹೊಗೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಅಂದರೆ ಅಡ್ಡಿ ಚಿಮಣಿಯಲ್ಲೇ ಇರಬೇಕು ಅಲ್ವಾ? ಒಲೆ ಆರಿಸಿ, ಚಿಮಣಿ ಗುಡಿಸುವವರನ್ನು ಕರೆಸಿದೆ.

ಅವರು ಒಲೆಯ ಬಾಯಿಗೆ ಬಟ್ಟೆ ಕಟ್ಟಿ, ಕೊಳವೆಯ ಅಗಲಕ್ಕೆ ಸರಿಹೊಂದುವ ಬ್ರಷ್ಷನ್ನು ಒಂದೊಂದೇ ಕೋಲು ಜೋಡಿಸುತ್ತಾ ಮೇಲಕ್ಕೆ ತಳ್ಳಿದರು. ರಾಶಿ ರಾಶಿ ಮಸಿ ಉದುರಿತು. ತುದಿಯ ಜಾಲರಿ ಪೂರ್ತಿ ಕಟ್ಟಿಕೊಂಡಿತ್ತು. ಒಳಗೋಡೆಗೆ ಟಾರಿನಂಥ ಕ್ರಿಯೋಸೋಟ್ ಅಂಟಿತ್ತು. ನನಗೆ ಹೆದರಿಕೆಯಾಗಿದ್ದು ಅದನ್ನು ನೋಡಿಯೇ. ಹೊಗೆ ತಣ್ಣಗಾದಾಗ ಗೋಡೆಗೆ ಕೂರುವ ಇದು ಬೆಂಕಿ ಹಿಡಿದರೆ ಚಿಮಣಿಯೇ ಹೊತ್ತಿ ಉರಿಯುತ್ತದೆ. ಗುಡಿಸಿದ ಮೇಲೆ ಹೊಗೆ ಬಿಟ್ಟು ಪರೀಕ್ಷಿಸಿದರು. ಎಲ್ಲಾ ಸಲೀಸಾಗಿ ಮೇಲೇರಿತು.

ಮಸಿ ಇಷ್ಟು ಜಾಸ್ತಿ ಕಟ್ಟಲು ಕಾರಣ ಹಸಿ ಸೌದೆ. ಅದರ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಈಗ ಸೌದೆ ಸೀಳಿ, ಒಳಭಾಗಕ್ಕೆ ತೇವದ ಮೀಟರ್ ಚುಚ್ಚಿ ನೋಡಿಯೇ ಉರಿಸುತ್ತೇನೆ. ಹೊರಮೈ ಒಣಗಿದೆ ಅಂತ ಸುಮ್ನೆ ನಂಬುವ ಹಾಗಿಲ್ಲ. ರಾತ್ರಿಯಿಡೀ ಗಾಳಿ ತಗ್ಗಿಸಿ ಮಂದವಾಗಿ ಉರಿಸುವುದನ್ನೂ ಬಿಟ್ಟೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಹಾಗಾಗಿ ಅದರ ಅಲಾರಂ ಒಂದನ್ನೂ ಹಾಕಿಸಿದೆ.