ಗುಜರಿಗೆ ಹೋಗುವ ಮುಂಚೆ: ಹಳ್ಳಿ ಶಾಲೆಯಲ್ಲಿ ಹಳೇ ಸಾಮಾನಿನ ಕೋಣೆ ಮಾಡುವುದು ಹೇಗೆ

ನಮ್ಮೂರಿಗೆ ವಾರಕ್ಕೊಮ್ಮೆ ಗುಜರಿಯವನು ಬರುತ್ತಾನೆ. ಟೆಂಪೋ ಮೇಲೆ ಮೈಕು ಕಟ್ಟಿಕೊಂಡು, ಹಳೇ ಕಬ್ಬಿಣ, ಹಳೇ ಪಾತ್ರೆ ಅಂತ ಕೂಗುತ್ತಾನೆ. ಹಳೇ ಸಾಮಾನು ಕೂಡಿಡುವ ಆಸೆ ನಿಮಗಿದ್ದರೆ ಮೊದಲು ಅವನ ಸ್ನೇಹ ಮಾಡಿ. ಯಾವ ಮನೆ ಕೆಡವುತ್ತಿದ್ದಾರೆ, ಯಾರ ಅಟ್ಟ ಖಾಲಿಯಾಗುತ್ತಿದೆ ಅನ್ನುವುದು ಪಂಚಾಯಿತಿಗಿಂತ ಮೊದಲು ಅವನಿಗೆ ಗೊತ್ತಿರುತ್ತದೆ. ನನ್ನ ಕೋಣೆಯಲ್ಲಿರುವ ಸಾಮಾನಿನಲ್ಲಿ ಕಾಲು ಭಾಗ ಅವನ ಟೆಂಪೋದಿಂದಲೇ ಇಳಿದದ್ದು.

ನಾನು ತುಮಕೂರು ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 33 ವರ್ಷ ಮೇಷ್ಟ್ರಾಗಿದ್ದೆ. 2014ರಲ್ಲಿ ನಿವೃತ್ತನಾದೆ. ಈ ಹುಚ್ಚು ಹತ್ತಿದ್ದು ನಾಲ್ಕನೇ ಕ್ಲಾಸಿಗೆ ಅಳತೆ ಪಾಠ ಮಾಡುವಾಗ. ಲೀಟರು, ಮಿಲಿಲೀಟರು ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹೋಗಲಿಲ್ಲ. ಮನೆಯಲ್ಲಿ ಹಳೇ ಅಳತೆ ಪಾತ್ರೆ ಇದ್ದರೆ ತನ್ನಿ ಅಂದೆ. ಮರುದಿನ ಸೇರು, ಅರೆಸೇರು, ಪಾವು, ಚಟಾಕು ಎಲ್ಲ ಬಂದವು. ನಾಲ್ಕು ಪಾವಿಗೆ ಒಂದು ಸೇರು. ರಾಗಿ ತುಂಬಿಸಿ ಅಳೆಸಿದೆ. ಒಬ್ಬ ಹುಡುಗ ಒಂದೇ ಮನೆಯಿಂದ ಎರಡು ಪಾವು ತಂದಿದ್ದ. ಒಂದರಲ್ಲಿ ಒಂದು ಹಿಡಿ ರಾಗಿ ಜಾಸ್ತಿ ಹಿಡಿಯಿತು. ಯಾಕೋ ಅಂತ ಕೇಳಿದರೆ, 'ಅಜ್ಜಿ ಹೇಳ್ತು ಸಾ, ಒಂದು ಕೊಡೋಕೆ, ಒಂದು ಇಸ್ಕೊಳ್ಳೋಕೆ' ಅಂದ. ಕ್ಲಾಸೆಲ್ಲ ನಕ್ಕಿತು. ಆ ಎರಡು ಪಾವು ನನ್ನ ರಿಜಿಸ್ಟರಿನಲ್ಲಿ ಒಂದನೇ ಮತ್ತು ಎರಡನೇ ನಂಬರು. ಅಜ್ಜಿಯ ಮಾತನ್ನೂ ಬರೆದುಕೊಂಡಿದ್ದೇನೆ. ಆ ಮಾತಿಲ್ಲದಿದ್ದರೆ ಅವು ಸುಮ್ನೆ ಎರಡು ಹಿತ್ತಾಳೆ ಲೋಟ.

ಆದ್ದರಿಂದ ಕಪಾಟು ಮಾಡಿಸುವ ಮೊದಲು ಒಂದು ದಪ್ಪ ರಿಜಿಸ್ಟರು ತನ್ನಿ. ಬೈಂಡು ಮಾಡಿದ್ದೇ ಇರಲಿ, ಬಿಡಿ ಹಾಳೆ ಬೇಡ. ನಂಬರು, ಬಂದ ತಾರೀಖು, ಊರಲ್ಲಿ ಕರೆಯುವ ಹೆಸರು, ಅಳತೆ, ಯಾರು ಕೊಟ್ಟರು, ಅದನ್ನು ಯಾರು ಯಾವುದಕ್ಕೆ ಬಳಸುತ್ತಿದ್ದರು, ಇಷ್ಟು ಬೇಕೇ ಬೇಕು. ಊರಿನ ಹೆಸರು ಅಂದಾಗ ಪುಸ್ತಕದ ಹೆಸರು ಬರೆಯಬೇಡಿ. ನಮ್ಮ ಕಡೆ ಅಳಗುಳಿಮಣೆ ಅನ್ನುವುದು ಕರಾವಳಿಯಲ್ಲಿ ಚನ್ನೆಮಣೆ. ಕೊಟ್ಟವರು ಏನು ಅಂದರೋ ಅದನ್ನೇ ಬರೆಯಿರಿ. ನಂಬರನ್ನು ಸಾಮಾನಿನ ಮೇಲೆ ಪೇಂಟಿನಲ್ಲಿ ಬರೆಯುವವರಿದ್ದಾರೆ. ಬೇಡ. ಬಿಳಿ ಬಟ್ಟೆ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಹತ್ತಿ ದಾರದಲ್ಲಿ ಕಟ್ಟಿದರೆ ಸಾಕು. ಪೆನ್ಸಿಲ್ ಬರಹ ನೀರು ಬಿದ್ದರೂ ಹರಡುವುದಿಲ್ಲ.

ಇನ್ನು ಕೇಳುವ ಬಗೆ. ಇದಕ್ಕೆ ಸ್ವಲ್ಪ ನಾಜೂಕು ಬೇಕು. ಬಾಗಿಲಲ್ಲಿ ನಿಂತು 'ಹಳೇದೇನಾದ್ರೂ ಇದ್ರೆ ಕೊಡಿ' ಅಂದರೆ ಏನೂ ಇಲ್ಲ ಅನ್ನುತ್ತಾರೆ. ಜಗಲಿ ಮೇಲೆ ಕೂತುಕೊಳ್ಳಿ. ಮನೆಯ ಹಿರಿಯ ಹೆಂಗಸನ್ನು ಮಾತಾಡಿಸಿ. 'ಅಮ್ಮಾ, ನೀವು ಮದುವೆಯಾಗಿ ಬಂದಾಗ ರಾಗಿ ಹೇಗೆ ಬೀಸ್ತಿದ್ರಿ?' ಅಂತ ಕೇಳಿ ನೋಡಿ. ಬೀಸುವ ಕಲ್ಲು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ, ಒನಕೆ ದನದ ಕೊಟ್ಟಿಗೆಯಲ್ಲಿ ಬಾಗಿಲಿಗೆ ಆನಿಸಿರುತ್ತದೆ. ಅವರೇ ಎದ್ದು ಹೋಗಿ ತೋರಿಸುತ್ತಾರೆ. ಒಬ್ಬರು ಕಲ್ಲಿನ ಜೊತೆ ಬೀಸುವ ಪದವನ್ನೂ ಹೇಳಿದರು. ಮೊಬೈಲಿನಲ್ಲಿ ತುಂಬಿಕೊಂಡೆ. ಹಗೇವು ಕೂಡ ಹೀಗೇ ಗೊತ್ತಾಯಿತು. ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿಡುತ್ತಿದ್ದ ಜಾಗ ಅದು. ಅದನ್ನು ಎತ್ತಿ ತರಲು ಆಗುವುದಿಲ್ಲವಲ್ಲ, ಆಳ ಅಗಲ ಅಳೆದು ಚಿತ್ರ ಬರೆದುಕೊಂಡು ಬಂದೆ.

ಒಂದು ಎಚ್ಚರ. ಮನೆ ಭಾಗವಾಗುವ ಹೊತ್ತಿನಲ್ಲಿ ಹೋಗಬೇಡಿ. ಒಮ್ಮೆ ತಮ್ಮ ಕೊಟ್ಟ ಅಂತ ತಾಮ್ರದ ಹಂಡೆ ತಂದಿದ್ದೆ. ಸಂಜೆ ಅಣ್ಣ ಶಾಲೆ ಗೇಟಿಗೆ ಬಂದು, 'ಮೇಷ್ಟ್ರು ಹಂಡೆ ಹೊತ್ಕೊಂಡು ಹೋದ್ರು' ಅಂತ ಊರಿಗೆಲ್ಲ ಕೇಳುವಂತೆ ಕೂಗಾಡಿದ. ತಲೆ ಮೇಲೆ ಹೊತ್ತುಕೊಂಡೇ ವಾಪಸ್ ಕೊಟ್ಟು ಬಂದೆ. ಅಂದಿನಿಂದ ಎಲ್ಲ ಪಾಲುದಾರರ ಸಹಿ ಇಲ್ಲದೆ ಒಂದು ಚಮಚವನ್ನೂ ಮುಟ್ಟುವುದಿಲ್ಲ. ದುಡ್ಡು ಕೇಳಿದರೆ ಗುಜರಿಯವನು ಕೊಡುವ ದರಕ್ಕಿಂತ ಒಂದು ರೂಪಾಯಿಯೂ ಕಮ್ಮಿ ಕೊಡಬೇಡಿ. ಚೌಕಾಸಿ ಮಾಡಿದವನಿಗೆ ಸಾಮಾನು ಸಿಗಬಹುದು, ಕತೆ ಸಿಗುವುದಿಲ್ಲ.

ತಂದ ಮೇಲೆ ಕೈ ತುರಿಸುತ್ತದೆ, ಉಜ್ಜೋಣ ಅನ್ನಿಸುತ್ತದೆ. ಉಜ್ಜಬೇಡಿ! ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಹಿತ್ತಾಳೆ ಚೊಂಬಿಗೆ ಹುಣಸೇಹಣ್ಣು, ಬೂದಿ ಹಾಕಿ ಫಳಫಳ ಮಾಡಿದೆ. ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿದ್ದರು. ಮೊದಲೇ ಸವೆದಿತ್ತು, ನನ್ನ ಕೈಯಲ್ಲಿ ಅರ್ಧ ಅಳಿಸಿಯೇ ಹೋಯಿತು. ಮದುವೆಯಲ್ಲಿ ಮುಯ್ಯಿ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು ಕೂಡ ಪಾತ್ರೆ ಮೇಲೆ ಇರುತ್ತದೆ. ಆ ಪಾತ್ರೆಯ ವಯಸ್ಸು ಹೇಳುವುದು ಅದೊಂದೇ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಬರಹವನ್ನು ಓರೆ ಬೆಳಕಿನಲ್ಲಿ ಫೋಟೋ ತೆಗೆದು ಹಾಗೇ ಇಡಿ. ಕಬ್ಬಿಣದ ಸಾಮಾನಾದರೆ ಒಣ ಬ್ರಶ್ಶಿನಲ್ಲಿ ತುಕ್ಕು ಉದುರಿಸಿ, ಹೊಲಿಗೆ ಮೆಷಿನ್ ಎಣ್ಣೆ ತೆಳುವಾಗಿ ಸವರಿ. ಮರದ್ದನ್ನು ಬಿಸಿಲಿಗೆ ಹಾಕಬೇಡಿ, ಸೀಳು ಬಿಡುತ್ತದೆ. ನೆಲಕ್ಕೆ, ಗೋಡೆಗೆ ತಾಗಿಸಲೂ ಬೇಡಿ. ಕೂರಿಗೆ, ಕುಂಟೆ, ನೇಗಿಲನ್ನು ನಾನು ಕಲ್ಲಿನ ಮೇಲೆ ಗೇಣೆತ್ತರ ಇಟ್ಟಿದ್ದೇನೆ. ಗೆದ್ದಲು ಹತ್ತಿದರೆ ಮಣ್ಣಿನ ಗೆರೆ ಕಲ್ಲಿನ ಮೇಲೆ ಎದ್ದು ಕಾಣುತ್ತದೆ.

ಕಾಗದದ್ದು ಬೇರೆ ಪಾಡು. ಹಳೇ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಲೇಬೇಡಿ, ಆಮೇಲೆ ಬಿಡಿಸಲು ಆಗುವುದಿಲ್ಲ. ನನ್ನಲ್ಲಿ ಒಂದು ಕಡತ ಇದೆ. ಇವತ್ತು ಕಡತ ಅಂದರೆ ಕಚೇರಿಯ ಫೈಲು. ಆಗ ಕಡತ ಅಂದರೆ ಬಟ್ಟೆಗೆ ಹುಣಸೇಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಬಳಪದ ಬರಹ ಒರೆಸಿದರೆ ಹೋಗಿಬಿಡುತ್ತದೆ, ಮುಟ್ಟಲೇ ಭಯ. ತಾಳೆಗರಿ ಕಟ್ಟು ಸಿಕ್ಕಿದರೆ ದಾರ ಬಿಚ್ಚುವ ಸಾಹಸ ಬೇಡ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರನ್ನು ಕೇಳಿ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಬಂದು ಸೇರಿದ್ದು ಅಲ್ಲಿಗೇ. ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಕಟ್ಟಿನಲ್ಲಿ ಬರೀ ಸಾಲದ ಲೆಕ್ಕ ಇರಬಹುದು, ಇರಲಿ. ಓದಿಸಿದ ಮೇಲೆ ತಾನೇ ಗೊತ್ತಾಗುವುದು.

ಏನನ್ನು ತರಬಾರದು ಅನ್ನುವುದೂ ಗೊತ್ತಿರಲಿ. ಜಿಂಕೆ ಕೊಂಬು, ಹುಲಿಯುಗುರು, ದಂತ ಯಾರು ಪ್ರೀತಿಯಿಂದ ಕೊಟ್ಟರೂ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ, ಜೈಲಿಗೆ ಹೋಗುತ್ತೀರಿ. ಹೊಲದಲ್ಲಿ ಅಗೆಯುವಾಗ ನಾಣ್ಯದ ಕುಡಿಕೆ ಸಿಕ್ಕಿತು ಅಂದರೆ ಅದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಬೇಕು. ಪಾಳು ಗುಡಿಯ ವಿಗ್ರಹ ಅಲ್ಲೇ ಇರಲಿ. 1972ರಲ್ಲೇ ಬಂದ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ್ದು ಪ್ರಾಚ್ಯವಸ್ತು, ಹಸ್ತಪ್ರತಿಗೆ 75 ವರ್ಷ. ಶಿಲ್ಪ, ಚಿತ್ರಗಳಂಥದ್ದು ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕು. ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಬೀಸುವ ಕಲ್ಲಿಗೆ ಯಾರೂ ಬಂದು ಕೇಳುವುದಿಲ್ಲ, ಆದರೂ ರಿಜಿಸ್ಟರು ಸರಿಯಾಗಿದ್ದರೆ ರಾತ್ರಿ ನಿದ್ದೆ ಬರುತ್ತದೆ.

ಜೋಡಿಸುವುದನ್ನು ಕಲಿಯಬೇಕು ಅಂದರೆ ರಾಮನಗರದ ಹತ್ತಿರ ಜಾನಪದ ಲೋಕಕ್ಕೆ ಹೋಗಿ ಬನ್ನಿ. ಎಚ್.ಎಲ್. ನಾಗೇಗೌಡರು ಕೆಲಸದಿಂದ ನಿವೃತ್ತರಾದ ಮೇಲೆ ಕಟ್ಟಿದ್ದು. ನಾನು ಹೋದಾಗಲೆಲ್ಲ ಗಾಜಿನ ಪೆಟ್ಟಿಗೆ ನೋಡುವುದಕ್ಕಿಂತ ಚೀಟಿ ಓದುವುದೇ ಜಾಸ್ತಿ.

ಈಗ ದುಡ್ಡಿನ ಮಾತು. ನನಗೆ ಬರುವುದು ಪಿಂಚಣಿ ಒಂದೇ. ಹತ್ತರಲ್ಲಿ ಒಂದು ಭಾಗ ಶಾಲೆಗೆ ಅಂತ ತೆಗೆದಿಡುತ್ತೇನೆ. ಅದರಲ್ಲಿ ಸಾಮಾನಿಗೆ ಹೋಗುವುದು ಸ್ವಲ್ಪ, ಮಕ್ಕಳಿಗೆ ಜಾಸ್ತಿ. ಮೊದಲ ವರ್ಷ ಬಡ ಮಕ್ಕಳಿಗೆ ಬಟ್ಟೆ ಕೊಡಿಸಿ ಅಂತ ಒಬ್ಬರ ಕೈಗೆ ನಗದು ಕೊಟ್ಟೆ. ಬಟ್ಟೆ ಬಂದ ಹಾಗೆ ಕಾಣಲಿಲ್ಲ, ಕೇಳಲು ಸಂಕೋಚ. ನೀವು ಹಾಗೆ ಮಾಡಬೇಡಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ನಡಾವಳಿ ಬರೆಸಿ, ಚೆಕ್ಕಿನಲ್ಲಿ ಕೊಡಿ, ರಸೀದಿ ಕೇಳಿ. ನಾನು ಆಮೇಲೆ ದತ್ತಿ ಇಟ್ಟೆ. ಒಂದು ಲಕ್ಷ ಠೇವಣಿ ಇಟ್ಟು ಶೇಕಡಾ 6 ಬಡ್ಡಿ ಬಂದರೆ ವರ್ಷಕ್ಕೆ 6,000. ಅದರಲ್ಲಿ 5,000 ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳ ಖರ್ಚಿಗೆ, 1,000 ಮತ್ತೆ ಅಸಲಿಗೆ. ಅಸಲು ಬೆಳೆಯದಿದ್ದರೆ ಹತ್ತು ವರ್ಷಕ್ಕೆ ಆ 5,000ಕ್ಕೆ ಒಂದು ಜೊತೆ ಶೂ ಬಂದರೆ ಹೆಚ್ಚು.

ಸಾಮಾನನ್ನೂ ಹಾಗೇ ಬರೆದು ಕೊಟ್ಟುಬಿಟ್ಟೆ, ಬದುಕಿರುವಾಗಲೇ. ನನ್ನ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, ಇದು ಮನೆ ಆಸ್ತಿಯಲ್ಲ, ಶಾಲೆಯದ್ದು ಅಂತ ಪತ್ರ ಮಾಡಿ ಅವರ ಸಹಿ ಹಾಕಿಸಿದೆ. ದೊಡ್ಡವನು 'ಅಪ್ಪಾ, ಆ ಬೀಸುವ ಕಲ್ಲಿಗೂ ಸಹಿನಾ?' ಅಂತ ನಕ್ಕ. ಹಾಕು ಅಂದೆ.

ಖಾಲಿ ಬಿದ್ದಿದ್ದ ಒಂದು ಕೊಠಡಿ ಸಿಕ್ಕಿತು. ಶನಿವಾರ ಬೆಳಗ್ಗೆ ತೆಗೆಯುತ್ತೇವೆ. ಮಕ್ಕಳು ಮುಟ್ಟಬಹುದು, ಬೀಸಬಹುದು, ಅಳೆಯಬಹುದು. ಕಡತ ಮಾತ್ರ ಬೀರುವಿನಲ್ಲಿ. ತೂತಿನ ಕಾಸು ಅಂದರೆ ಎಲ್ಲರಿಗೂ ಇಷ್ಟ. 1943ರಿಂದ 1947ರವರೆಗೆ ಬಂದ, ನಡುವೆ ತೂತಿದ್ದ ತಾಮ್ರದ ಕಾಸು ಅದು. ರೂಪಾಯಿಗೆ 64 ಅಂಥವು, 1957ರಲ್ಲಿ ನೂರು ನಯಾ ಪೈಸೆ ಆಯಿತು ಅಂತ ಹೇಳಿದರೆ, 64 ಯಾಕೆ ಅಂತ ಕೇಳುತ್ತಾರೆ. ಹದಿನಾರಾಣೆ, ಆಣೆಗೆ ನಾಲ್ಕು ಕಾಸು. ಲೆಕ್ಕದ ಪಾಠ ಅಲ್ಲೇ ಆಗಿಬಿಡುತ್ತದೆ ಅಲ್ವಾ?

ಕೊಟ್ಟವರು ವಾಪಸ್ ಕೇಳಿದರೆ ಏನು ಮಾಡುವುದು ಅಂತ ಹಲವರು ಕೇಳುತ್ತಾರೆ. ಹಬ್ಬಕ್ಕೆ, ಮದುವೆಗೆ ಕೇಳಿದರೆ ಕೊಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಿ. ಹೋದ ತಿಂಗಳು 118ನೇ ನಂಬರಿನ ಕೊಪ್ಪರಿಗೆ ಮೊಮ್ಮಗಳ ಮದುವೆಗೆ ಹೋಯಿತು. ಏಳನೇ ಕ್ಲಾಸಿನ ಹುಡುಗಿ ರಿಜಿಸ್ಟರು ನೋಡಿಕೊಳ್ಳುತ್ತಾಳೆ. ಷರಾ ಕಾಲಮ್ಮಿನಲ್ಲಿ 'ಊಟಕ್ಕೆ ಹೋಗಿದೆ' ಅಂತ ಬರೆದಿದ್ದಳು. ನಾನು ತಿದ್ದಲಿಲ್ಲ.